34 ಕೆಲಸಗಳನ್ನು ಹಾಕಿದ್ದೇನೆ, ಎಂಟು ತಿಂಗಳಿಂದ ಒಬ್ಬ ಗ್ರಾಹಕರೂ ಬಂದಿಲ್ಲ. ನನ್ನ ಪೋರ್ಟ್‌ಫೋಲಿಯೊದಲ್ಲಿ ತಪ್ಪೆಲ್ಲಿದೆ?

ಗೆರೆಬಣ್ಣ:
ಎಲ್ಲರಿಗೂ ನಮಸ್ಕಾರ. ಒಂದು ಸಂಸ್ಥೆಯಲ್ಲಿ ಆರು ವರ್ಷ ವಿನ್ಯಾಸಕಿಯಾಗಿ ದುಡಿದು ಕಳೆದ ವರ್ಷ ಕೆಲಸ ಬಿಟ್ಟೆ. ಈಗ ಫ್ರೀಲ್ಯಾನ್ಸ್, ಅಂದರೆ ಸ್ವತಂತ್ರವಾಗಿ ಕೆಲಸ ಹಿಡಿದು ಮಾಡಿಕೊಡುತ್ತೇನೆ. ಮೊದಲ ನಾಲ್ಕೈದು ಕೆಲಸಗಳು ಹಳೆಯ ಪರಿಚಯದವರಿಂದಲೇ ಬಂದವು. ಆಮೇಲೆ ಆ ಒರತೆ ಬತ್ತಿತು. ಆಗ ಎರಡು ತಿಂಗಳು ಕೂತು, ಮಾಡಿದ ಕೆಲಸಗಳನ್ನು ತೋರಿಸುವ ಪೋರ್ಟ್‌ಫೋಲಿಯೊ ಆಗಿ ನನ್ನದೇ ವೆಬ್‌ಸೈಟ್ ಕಟ್ಟಿದೆ. ಲೋಗೊ, ಕರಪತ್ರ, ಪುಸ್ತಕದ ಮುಖಪುಟ, ಮೊಬೈಲ್ ಆ್ಯಪ್‌ಗಳ ಪರದೆ, ಜಾಲತಾಣ ಎಲ್ಲ ಸೇರಿ 34 ಕೆಲಸಗಳಿವೆ. ತೆರೆದ ಕೂಡಲೇ ‘ಸೃಜನಶೀಲ ವಿನ್ಯಾಸಕಿ. ಕಲ್ಪನೆಗಳಿಗೆ ರೂಪ ಕೊಡುತ್ತೇನೆ’ ಎಂಬ ಸಾಲು ಕಾಣುತ್ತದೆ.

ತಿಂಗಳಿಗೆ ಅರವತ್ತು ಎಪ್ಪತ್ತು ಜನ ಬಂದು ಹೋಗುತ್ತಿದ್ದಾರೆ ಎಂದು ಲೆಕ್ಕ ತೋರಿಸುತ್ತದೆ. ಆದರೆ ಎಂಟು ತಿಂಗಳಿಂದ ಯಾರೊಬ್ಬರೂ ಒಂದು ಸಾಲು ಬರೆದಿಲ್ಲ. ಕೆಲಸ ಚೆನ್ನಾಗಿಲ್ಲವೇ, ತೋರಿಸಿದ ರೀತಿ ಸರಿಯಿಲ್ಲವೇ, ನನಗೇ ತಿಳಿಯುತ್ತಿಲ್ಲ. ಕೊಂಡಿಯನ್ನು ನನ್ನ ಪರಿಚಯದ ಪುಟದಲ್ಲಿ ಹಾಕಿದ್ದೇನೆ. ದಯವಿಟ್ಟು ನೋಡಿ, ಮುಲಾಜಿಲ್ಲದೆ ಹೇಳಿ.

ಜೇಡರಬಲೆ:
ನಾನು ವೆಬ್ ಡೆವಲಪರ್, ಹಾಗಾಗಿ ನನಗೆ ಕಣ್ಣಿಗೆ ಬಿದ್ದದ್ದನ್ನು ಮೊದಲು ಹೇಳುತ್ತೇನೆ. ಮೊಬೈಲಿನಲ್ಲಿ ತೆರೆದೆ. ಮೊದಲ ಚಿತ್ರ ಮೂಡುವಷ್ಟರಲ್ಲಿ ನಾನು ಎರಡು ಬಾರಿ ಹಿಂದಿನ ಪುಟಕ್ಕೆ ಹೋಗುವ ಮನಸ್ಸು ಮಾಡಿದ್ದೆ. ಒಂದೊಂದು ಚಿತ್ರವೂ 4000 ಪಿಕ್ಸೆಲ್ ಅಗಲ, ಮುಖಪುಟ ಒಂದರ ತೂಕವೇ 11 ಎಂಬಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಮಾತ್ರ ಗೂಗಲ್ ಅದನ್ನು ಚೆನ್ನಾಗಿದೆ ಎನ್ನುತ್ತದೆ. ನಿಮ್ಮದು ಅದರ ಹತ್ತಿರವೂ ಇಲ್ಲ. ಚಿತ್ರಗಳನ್ನು ಪರದೆಗೆ ಬೇಕಾದಷ್ಟೇ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಉಳಿಸಿ. ಒಂದು ಸಂಜೆಯ ಕೆಲಸ.

ಇನ್ನೊಂದು, ಬಿಳಿಯ ಮೇಲೆ ತಿಳಿಬೂದು ಅಕ್ಷರ. ನೋಡಲು ನಾಜೂಕಾಗಿದೆ, ಓದಲು ಆಗುವುದಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಎಂಬುದು ಎಲ್ಲರೂ ಒಪ್ಪಿಕೊಂಡ ಮಾನದಂಡ. ವಿನ್ಯಾಸಕಿಯ ಪುಟದಲ್ಲೇ ಅದು ತಪ್ಪಿದರೆ ಗ್ರಾಹಕರು ಏನೆಂದುಕೊಂಡಾರು?

ಸಂಪರ್ಕದ ಫಾರ್ಮ್‌ನಿಂದ ನಿಮಗೊಂದು ಸಂದೇಶ ಕಳುಹಿಸಿದ್ದೇನೆ. ಬಂತೇ?

ಗೆರೆಬಣ್ಣ:
ಬಂದಿಲ್ಲವಲ್ಲ.

ಗೆರೆಬಣ್ಣ:
ಸ್ಪ್ಯಾಮ್ ಪೆಟ್ಟಿಗೆಯಲ್ಲಿತ್ತು. ಅಲ್ಲಿ ಇನ್ನೂ ಎರಡು ಪತ್ರಗಳಿದ್ದವು. ಒಂದು ಹನ್ನೊಂದು ದಿನ ಹಿಂದಿನದು, ಇನ್ನೊಂದು ಮೂರು ವಾರದ್ದು. ‘ನಮ್ಮ ಸಂಸ್ಥೆಯ ಜಾಲತಾಣವನ್ನು ಹೊಸದಾಗಿ ಮಾಡಿಸಬೇಕಿದೆ, ಸಮಯವಿದೆಯೇ?’ ಎಂದು ಕೇಳಿದ್ದಾರೆ. ಓದಿ ಕೈಕಾಲು ತಣ್ಣಗಾದವು. ಮೂವತ್ತು ದಿನ ದಾಟಿದ ಪತ್ರಗಳು ಆ ಪೆಟ್ಟಿಗೆಯಿಂದ ತಾವಾಗಿಯೇ ಅಳಿಸಿಹೋಗುತ್ತವೆ. ಹಾಗಾದರೆ ಇದಕ್ಕೂ ಮೊದಲು ಇನ್ನೆಷ್ಟು ಬಂದಿದ್ದವೋ.

ಜೇಡರಬಲೆ:
ಬೇಸರ ಮಾಡಿಕೊಳ್ಳಬೇಡಿ, ಇದು ತುಂಬ ಜನರಿಗೆ ಆಗುತ್ತದೆ. ಕಾರಣ ಇಷ್ಟೇ. ನಿಮ್ಮ ಫಾರ್ಮ್, ಬರೆದವರ ಇಮೇಲ್ ವಿಳಾಸವನ್ನೇ ‘ಕಳುಹಿಸಿದವರು’ ಎಂಬ ಜಾಗದಲ್ಲಿ ಹಾಕಿ ನಿಮಗೆ ಅಂಚೆ ಕಳುಹಿಸುತ್ತಿದೆ. ಅಂಚೆ ತಲುಪುವ ಸರ್ವರ್ ಪರಿಶೀಲಿಸಿ, ‘ಈ ವಿಳಾಸದ ಹೆಸರಿನಲ್ಲಿ ಕಳುಹಿಸಲು ಈ ಯಂತ್ರಕ್ಕೆ ಅಧಿಕಾರವಿಲ್ಲ’ ಎಂದು ಕಂಡುಕೊಂಡು ಸ್ಪ್ಯಾಮ್‌ಗೆ ತಳ್ಳುತ್ತದೆ. ಕಳುಹಿಸುವ ವಿಳಾಸ ನಿಮ್ಮದೇ ಡೊಮೈನ್‌ನದಾಗಿರಲಿ (ಡೊಮೈನ್ ಎಂದರೆ ನಿಮ್ಮ ವೆಬ್‌ಸೈಟ್‌ನ ಹೆಸರು), ಬರೆದವರ ವಿಳಾಸ ‘ಉತ್ತರಿಸಬೇಕಾದದ್ದು’ ಎಂಬ ಜಾಗದಲ್ಲಿರಲಿ. ಅಂಚೆ ನಿಜವಾಗಿಯೂ ನಿಮ್ಮ ಕಡೆಯಿಂದಲೇ ಬಂದದ್ದು ಎಂದು ಸಾಬೀತುಪಡಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ದಾಖಲೆಗಳನ್ನು ಡೊಮೈನ್‌ಗೆ ಸೇರಿಸಿ. ಫಾರ್ಮ್‌ನ ಪಕ್ಕದಲ್ಲೇ ನಿಮ್ಮ ಇಮೇಲ್ ವಿಳಾಸವನ್ನೂ ಅಕ್ಷರದಲ್ಲಿ ಬರೆದಿಡಿ. ಪ್ರತಿ ತಿಂಗಳ ಮೊದಲ ದಿನ ಬೇರೊಂದು ವಿಳಾಸದಿಂದ ನಿಮಗೆ ನೀವೇ ಒಂದು ಸಂದೇಶ ಕಳುಹಿಸಿ ನೋಡಿ.

ಆ ಇಬ್ಬರಿಗೂ ಇವತ್ತೇ ಬರೆಯಿರಿ. ಆದದ್ದನ್ನು ಆದಂತೆಯೇ ಹೇಳಿ, ಕ್ಷಮೆ ಕೇಳಿ.

ಸಣ್ಣಉದ್ಯಮ:
ನಾನು ಆಚೆ ಬದಿಯವಳು, ಕೆಲಸ ಕೊಡುವವಳು. ಕಳೆದ ಐದು ವರ್ಷಗಳಲ್ಲಿ ವಿನ್ಯಾಸಕರು, ಬರಹಗಾರರು, ಛಾಯಾಗ್ರಾಹಕರು ಎಂದು ಹತ್ತಾರು ಫ್ರೀಲ್ಯಾನ್ಸರ್‌ಗಳನ್ನು ಹುಡುಕಿದ್ದೇನೆ. ಹೇಗೆ ಹುಡುಕುತ್ತೇನೆ ಎಂದು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ದಿನದ ಲೆಕ್ಕ ಮುಗಿಸಿದ ಮೇಲೆ ರಾತ್ರಿ ಕೂರುತ್ತೇನೆ. ಒಮ್ಮೆಗೇ ಆರೇಳು ಪುಟ ತೆರೆದುಕೊಳ್ಳುತ್ತೇನೆ. ಒಂದೊಂದಕ್ಕೆ ಒಂದು ನಿಮಿಷ ಸಿಕ್ಕರೆ ಹೆಚ್ಚು. ನನ್ನ ತಲೆಯಲ್ಲಿ ಆಗ ಇರುವುದು ನನ್ನ ತೊಂದರೆ. ನನ್ನ ಬೆಲೆಪಟ್ಟಿ ಯಾರಿಗೂ ಅರ್ಥವಾಗುತ್ತಿಲ್ಲ, ದಿನವೂ ಅದೇ ಪ್ರಶ್ನೆಗೆ ಉತ್ತರ ಹೇಳಿ ಸಾಕಾಗಿದೆ. ಇಂತಹ ತೊಂದರೆಯನ್ನು ಇವರು ಹಿಂದೆ ಬಿಡಿಸಿದ್ದಾರೆಯೇ? ಅದೊಂದೇ ನನ್ನ ಹುಡುಕಾಟ.

ನಿಮ್ಮ ಪುಟದಲ್ಲಿ 34 ಸುಂದರ ಚಿತ್ರಗಳಿವೆ. ಒಂದರ ಕೆಳಗೂ ಆ ಕೆಲಸ ಏಕೆ ಬೇಕಾಯಿತು ಎಂಬ ಮಾತಿಲ್ಲ. ಲೋಗೊವನ್ನು ನೆರಳು ಬಿದ್ದ ದಪ್ಪ ಕಾರ್ಡಿನ ಮೇಲೆ ಇಟ್ಟು ತೋರಿಸಿದ್ದೀರಿ. ಅಂತಹ ಕಾರ್ಡಿನ ಚಿತ್ರ ಎಲ್ಲರ ಪುಟದಲ್ಲೂ ಇದೆ, ಅದರಿಂದ ನಿಮ್ಮ ಬಗ್ಗೆ ನನಗೆ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಒಬ್ಬರ ಪೋರ್ಟ್‌ಫೋಲಿಯೊದಲ್ಲಿ ದೊಡ್ಡ ಆ್ಯಪ್ ಒಂದನ್ನು ನೋಡಿ ಕೆಲಸ ಕೊಟ್ಟೆ. ಅರ್ಧ ದಾರಿಯಲ್ಲಿ ತಿಳಿದದ್ದು, ಆ ಆ್ಯಪ್‌ನಲ್ಲಿ ಅವರು ಮಾಡಿದ್ದು ಚಿಹ್ನೆಗಳನ್ನು ಮಾತ್ರ. ಚಿಹ್ನೆ ಬರೆಯುವುದು ಸಣ್ಣ ಕೆಲಸವಲ್ಲ, ಆದರೆ ನನಗೆ ಬೇಕಾಗಿದ್ದದ್ದು ಅದಲ್ಲ. ಅಂದಿನಿಂದ ‘ಇದರಲ್ಲಿ ನನ್ನ ಪಾಲು ಇಷ್ಟು’ ಎಂದು ಬರೆಯದವರನ್ನು ನಾನು ಕರೆಯುವುದೇ ಇಲ್ಲ.

ನೇರಮಾತು:
ನನ್ನ ಅಭಿಪ್ರಾಯ ಬೇರೆ. ಹನ್ನೆರಡು ವರ್ಷಗಳಿಂದ ಫ್ರೀಲ್ಯಾನ್ಸ್ ಬರಹಗಾರನಾಗಿದ್ದೇನೆ. ಪೋರ್ಟ್‌ಫೋಲಿಯೊ ನೋಡಿಕೊಂಡು ತಾನಾಗಿ ಬಂದ ಗ್ರಾಹಕರನ್ನು ಬೆರಳಿನಲ್ಲಿ ಎಣಿಸಬಹುದು. ಕೆಲಸ ತರುವುದು ಮನುಷ್ಯರು. ಎರಡು ತಿಂಗಳು ಪುಟ ಕಟ್ಟುವ ಬದಲು ಹಿಂದೆ ಕೆಲಸ ಮಾಡಿಕೊಟ್ಟ ಇಪ್ಪತ್ತು ಜನರಿಗೆ ಪತ್ರ ಬರೆದಿದ್ದರೆ ಇಷ್ಟು ಹೊತ್ತಿಗೆ ಎರಡು ಕೆಲಸ ಕೈಯಲ್ಲಿರುತ್ತಿದ್ದವು.

ಸಣ್ಣಉದ್ಯಮ:
ನೇರಮಾತು ಅವರೇ, ನಿಮ್ಮ ಹೆಸರನ್ನು ಯಾರೋ ನನಗೆ ಹೇಳಿದರು ಎಂದಿಟ್ಟುಕೊಳ್ಳಿ. ನಾನು ಫೋನ್ ಮಾಡುವ ಮುಂಚೆ ಏನು ಮಾಡುತ್ತೇನೆ? ನಿಮ್ಮ ಪುಟ ತೆರೆಯುತ್ತೇನೆ. ಅಲ್ಲಿ ಏನೂ ಇಲ್ಲದಿದ್ದರೆ, ಇದ್ದದ್ದು ಮೂರು ವರ್ಷ ಹಳೆಯದಾಗಿದ್ದರೆ, ಫೋನ್ ಮಾಡುವುದು ನಾಳೆಗೆ ಹೋಗುತ್ತದೆ. ನಾಳೆ ಎಂದದ್ದು ಮತ್ತೆ ಬರುವುದಿಲ್ಲ. ಬಾರದೇ ಹೋದ ಆ ಫೋನ್ ನಿಮ್ಮ ಲೆಕ್ಕದಲ್ಲಿ ಎಲ್ಲಿ ಸಿಗುತ್ತದೆ?

ನೇರಮಾತು:
ಒಪ್ಪಿದೆ, ಈ ದಿಕ್ಕಿನಿಂದ ನಾನು ನೋಡಿರಲಿಲ್ಲ. ಹಾಗಾದರೆ ಗೆರೆಬಣ್ಣ ಅವರು ಬರೆಯಬೇಕಾದದ್ದು ಹುಡುಕಿಕೊಂಡು ಬರುವ ಅಪರಿಚಿತರಿಗಲ್ಲ, ಆಗಲೇ ಅರ್ಧ ಮನಸ್ಸು ಮಾಡಿ ಬಂದವರಿಗೆ. ಅಂಥವರಿಗೆ ಮುಖಪುಟದ ಕೊಂಡಿ ಕಳುಹಿಸುವುದೂ ಬೇಡ. ಅವರ ತೊಂದರೆಗೆ ಹತ್ತಿರವಾದ ಒಂದೇ ಕೆಲಸದ ಪುಟವನ್ನು ಕಳುಹಿಸಿ. ಆದ್ದರಿಂದ ಪ್ರತಿ ಕೆಲಸಕ್ಕೂ ಅದರದೇ ಆದ ವಿಳಾಸ ಇರಬೇಕು. ಈಗ ನಿಮ್ಮಲ್ಲಿ ಎಲ್ಲವೂ ಒಂದೇ ಉದ್ದ ಪುಟದಲ್ಲಿವೆ.

ಗೆರೆಬಣ್ಣ:
ಇಷ್ಟು ಅಕ್ಕರೆಯಿಂದ ನೋಡಿದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಆ ಇಬ್ಬರಿಗೂ ನಿನ್ನೆಯೇ ಬರೆದೆ. ಫಾರ್ಮ್ ಸರಿಯಾಯಿತು.

ಈಗ ನನ್ನ ಗೊಂದಲ: 34ರಲ್ಲಿ ಯಾವುದನ್ನು ಉಳಿಸಲಿ? ಎಲ್ಲದರ ಹಿಂದೆಯೂ ರಾತ್ರಿಗಳು ಕಳೆದಿವೆ. ನನಗೆ ತುಂಬ ಹಿಡಿಸಿದ್ದು ಒಂದು ಚಿಕಿತ್ಸಾಲಯಕ್ಕೆ ಮಾಡಿದ ಕೆಲಸ. ಆದರೆ ನೋಡಲು ಅದರಲ್ಲಿ ಏನೂ ಇಲ್ಲ, ಬರೀ ಒಂದು ಫಾರ್ಮ್‌ನ ಪರದೆಗಳು. ಅದನ್ನು 29ನೆಯ ಜಾಗದಲ್ಲಿ ಇಟ್ಟಿದ್ದೇನೆ.

ಬೆಳಕಿಂಡಿ:
ನಾನು ಛಾಯಾಗ್ರಾಹಕ. ನನ್ನ ಪುಟದಲ್ಲಿ 200ಕ್ಕೂ ಹೆಚ್ಚು ಚಿತ್ರಗಳಿದ್ದವು, ಈಗ 18 ಇವೆ. ಉಳಿದವನ್ನು ಪುಟದಿಂದ ತೆಗೆದುಹಾಕಲು ನಾನು ಹಿಡಿದ ದಾರಿ ಹೇಳುತ್ತೇನೆ. ಒಂದೊಂದು ಚಿತ್ರದ ಮುಂದೆಯೂ ನಿಂತು ‘ನಾಳೆ ಯಾರಾದರೂ ಇಂಥದ್ದೇ ಕೆಲಸ ಕೊಟ್ಟರೆ ಸಂತೋಷದಿಂದ ಒಪ್ಪುವೆನೇ?’ ಎಂದು ಕೇಳಿಕೊಂಡೆ. ನಾನು ತೆಗೆದ ಅತಿ ಒಳ್ಳೆಯ ಚಿತ್ರ ಒಂದು ಸಮಾರಂಭದ್ದು. ಆದರೆ ಸಮಾರಂಭಗಳ ಕೆಲಸ ನನಗೆ ಬೇಡ. ಅದನ್ನು ಪುಟದಿಂದ ತೆಗೆದುಹಾಕುವಾಗ ಹೊಟ್ಟೆ ಉರಿಯಿತು. ಆದರೂ ತೆಗೆದುಹಾಕಿದೆ. ನೀವು ಏನನ್ನು ತೋರಿಸುತ್ತೀರೋ ಜನ ಅದನ್ನೇ ಕೇಳಿಕೊಂಡು ಬರುತ್ತಾರೆ. ಹೀಗಾಗಿ ನನಗೀಗ ಬರುವುದೆಲ್ಲ ವಸ್ತುಗಳ ಚಿತ್ರ ತೆಗೆಯುವ ಕೆಲಸ, ನನಗೆ ಬೇಕಾಗಿದ್ದದ್ದೂ ಅದೇ.

ಜೊತೆಗೆ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ತೆಗೆದ ಚಿತ್ರಗಳ ಕಡತದೊಳಗೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ಸೇರಿಕೊಂಡಿರಬಹುದು. ಗ್ರಾಹಕರ ಮನೆಯಲ್ಲಿ ತೆಗೆದದ್ದಾದರೆ ಅವರ ಮನೆಯ ವಿಳಾಸವನ್ನೇ ಊರಿಗೆಲ್ಲ ಹಂಚಿದಂತೆ. ಹಾಕುವ ಮುಂಚೆ ಆ ಮಾಹಿತಿಯನ್ನು ಅಳಿಸಿ. ಚಿತ್ರದ ಬಣ್ಣದ ಪ್ರೊಫೈಲ್ ವೆಬ್‌ನಲ್ಲಿ ಎಲ್ಲರೂ ಬಳಸುವ ಎಸ್‌ಆರ್‌ಜಿಬಿ ಇರಲಿ, ಇಲ್ಲದಿದ್ದರೆ ಬೇರೆಯವರ ಪರದೆಯಲ್ಲಿ ನಿಮ್ಮ ಕೆಂಪು ಕೆಂಪಾಗಿ ಉಳಿಯುವುದಿಲ್ಲ.

ಮೊದಲಹೆಜ್ಜೆ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈಗಷ್ಟೇ ಓದು ಮುಗಿಸಿದ್ದೇನೆ. ಉಳಿಸುವುದು, ತೆಗೆಯುವುದು ದೂರದ ಮಾತು, ಹಾಕಲು ನನ್ನಲ್ಲಿ ಏನೂ ಇಲ್ಲ. ದೊಡ್ಡ ಕಂಪನಿಗಳ ಆ್ಯಪ್‌ಗಳನ್ನು ‘ಮರುವಿನ್ಯಾಸ’ ಮಾಡಿ ಹಾಕುತ್ತಾರಲ್ಲ, ನಾನೂ ಹಾಗೆ ಮಾಡಲೇ?

ಸಣ್ಣಉದ್ಯಮ:
ಮಾಡಬಹುದು, ಆದರೆ ‘ಇದು ನಾನಾಗಿ ಮಾಡಿದ ಅಭ್ಯಾಸ, ಆ ಕಂಪನಿಗೆ ಮಾಡಿಕೊಟ್ಟದ್ದಲ್ಲ’ ಎಂದು ಮೇಲೆಯೇ ಬರೆಯಿರಿ. ಬರೆಯದಿದ್ದರೆ ಅದು ಸುಳ್ಳು. ನನ್ನನ್ನು ಕೇಳಿದರೆ, ನಿಮ್ಮ ಸುತ್ತ ಕಾಣುವ ಸಣ್ಣ ತೊಂದರೆಯೊಂದನ್ನು ಹಿಡಿಯಿರಿ. ಓದಲಾಗದ ಒಂದು ವೇಳಾಪಟ್ಟಿ, ಯಾರಿಗೂ ದಾರಿ ತೋರಿಸದ ಒಂದು ಫಲಕ. ನಾಲ್ಕು ಜನರಿಗೆ ಹಳೆಯದನ್ನು ತೋರಿಸಿ ಎಲ್ಲಿ ಎಡವುತ್ತಾರೆ ನೋಡಿ, ನಿಮ್ಮದನ್ನು ತೋರಿಸಿ ಮತ್ತೆ ನೋಡಿ, ಕಂಡದ್ದನ್ನು ಬರೆಯಿರಿ. ದೊಡ್ಡ ಕಂಪನಿಯ ಒಳಗಿನ ಕಷ್ಟ ನಿಮಗೆ ಗೊತ್ತಿಲ್ಲ, ಈ ಫಲಕದ ಕಷ್ಟ ಗೊತ್ತು.

ಜೇಡರಬಲೆ:
ಕೋಡ್ ಬರೆಯುವವರಾದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಕಳುಹಿಸಬಹುದಾದ ಮುಕ್ತ ತಂತ್ರಾಂಶ ಯೋಜನೆಗಳಿವೆ. ಒಂದು ಸಣ್ಣ ದೋಷ ಸರಿಪಡಿಸಿ ಕಳುಹಿಸಿದರೂ, ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಅದರ ಚರ್ಚೆ, ತಿದ್ದುಪಡಿ, ಒಪ್ಪಿಗೆ ಎಲ್ಲವೂ ತಾರೀಖಿನ ಸಮೇತ ಸಾರ್ವಜನಿಕವಾಗಿ ಉಳಿಯುತ್ತದೆ. ಟೀಕೆಗೆ ನೀವು ಹೇಗೆ ಉತ್ತರಿಸುತ್ತೀರಿ ಎಂಬುದೂ ಅಲ್ಲಿ ಕಾಣುತ್ತದೆ. ಅದನ್ನು ಯಾವ ಪ್ರಮಾಣಪತ್ರವೂ ತೋರಿಸಲಾರದು.

ನುಡಿದಾಟು:
ನನ್ನದು ಅನುವಾದದ ಕೆಲಸ. ಮಾಡಿದ್ದರಲ್ಲಿ ಮುಕ್ಕಾಲು ಪಾಲನ್ನು ಯಾರಿಗೂ ತೋರಿಸುವಂತಿಲ್ಲ, ಎಲ್ಲದಕ್ಕೂ ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೇನೆ. ಆದ್ದರಿಂದ ಗೆರೆಬಣ್ಣ ಅವರಿಗೆ ನನ್ನ ಮೊದಲ ಪ್ರಶ್ನೆ: ಆರು ವರ್ಷ ಸಂಸ್ಥೆಯಲ್ಲಿದ್ದಾಗ ಮಾಡಿದ ಕೆಲಸಗಳನ್ನು ಹಾಕಲು ಅನುಮತಿ ಪಡೆದಿದ್ದೀರಾ? ಸಂಬಳಕ್ಕೆ ಮಾಡಿದ ಕೆಲಸದ ಹಕ್ಕು ಸಾಮಾನ್ಯವಾಗಿ ಸಂಸ್ಥೆಯದೇ ಆಗಿರುತ್ತದೆ. ಒಂದು ಇಮೇಲ್ ಬರೆದು ಕೇಳಿ, ಒಪ್ಪಿಗೆ ಬರಹದಲ್ಲಿ ಇರಲಿ. ಸೌಜನ್ಯದಿಂದ ಕೇಳಿದರೆ ಒಪ್ಪುವವರೇ ಹೆಚ್ಚು ಎಂಬುದು ನನ್ನ ಅನುಭವ.

ಹೆಸರು ಮುಚ್ಚಿ ತೋರಿಸುವುದಾದರೆ ನನ್ನ ತಪ್ಪಿನಿಂದ ಕಲಿಯಿರಿ. ಒಮ್ಮೆ ಮಾದರಿ ಕಳುಹಿಸುವಾಗ ಪಿಡಿಎಫ್‌ನಲ್ಲಿ ಗ್ರಾಹಕರ ಹೆಸರಿನ ಮೇಲೆ ಕಪ್ಪು ಚೌಕ ಎಳೆದು ಕಳುಹಿಸಿದೆ. ಕಣ್ಣಿಗೆ ಕಾಣುತ್ತಿರಲಿಲ್ಲ. ಪಡೆದವರು ಆ ಸಾಲನ್ನು ಆಯ್ದು, ನಕಲಿಸಿ, ಬೇರೆ ಕಡೆ ಅಂಟಿಸಿದರು. ಹೆಸರು ಅಕ್ಷರ ಅಕ್ಷರವಾಗಿ ಬಂತು. ಅವರು ಒಳ್ಳೆಯವರು, ನನಗೆ ತಿಳಿಸಿ ಕಡತ ಅಳಿಸಿದರು. ಆದರೆ ಅಂದು ಬೆವರಿದ್ದನ್ನು ಮರೆತಿಲ್ಲ. ಮುಚ್ಚಬೇಡಿ, ಮೂಲದಲ್ಲೇ ಅಳಿಸಿ, ಆಮೇಲೆ ಹೊಸದಾಗಿ ಕಡತ ಮಾಡಿ.

ಕೆಲವರಿಗಷ್ಟೇ ತೋರಿಸುವ ಪುಟಗಳಿದ್ದರೆ ಅವಕ್ಕೆ ಪಾಸ್‌ವರ್ಡ್ ಇಡಿ. ಹುಡುಕಾಟದ ಯಂತ್ರಗಳಿಗೆ ಸೂಚನೆ ಕೊಡುವ ರೋಬಾಟ್ಸ್ ಕಡತದಲ್ಲಿ ‘ಇಲ್ಲಿ ಬರಬೇಡಿ’ ಎಂದು ಬರೆದರೆ ಪುಟ ಅಡಗುವುದಿಲ್ಲ. ಬೇರೆಲ್ಲಾದರೂ ಅದರ ಕೊಂಡಿ ಇದ್ದರೆ ವಿಳಾಸ ಹುಡುಕಾಟದಲ್ಲಿ ಸಿಕ್ಕೇ ಸಿಗಬಹುದು.

ಗೆರೆಬಣ್ಣ:
ಅನುಮತಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಳೆಯ ಸಂಸ್ಥೆಗೆ ಬರೆಯುತ್ತೇನೆ, ಉತ್ತರ ಬರುವವರೆಗೆ ಆ 15 ಕೆಲಸಗಳನ್ನು ಇಳಿಸಿದ್ದೇನೆ. ಚಿಕಿತ್ಸಾಲಯದ ಕೆಲಸ ನಾನು ಸ್ವತಂತ್ರಳಾದ ಮೇಲಿನದು. ಅವರಿಗೆ ಫೋನ್ ಮಾಡಿದೆ, ‘ಹೆಸರು ಬೇಡ, ಕೆಲಸ ತೋರಿಸಿಕೊಳ್ಳಿ’ ಎಂದು ಲಿಖಿತವಾಗಿಯೇ ಕಳುಹಿಸಿದರು.

ಇನ್ನೊಂದು ಪ್ರಶ್ನೆ. ಸ್ವಂತ ವೆಬ್‌ಸೈಟ್ ಬೇಕೇ, ಅಥವಾ ವಿನ್ಯಾಸಕರು ತಮ್ಮ ಕೆಲಸ ತೋರಿಸುವ ಬಿಹಾನ್ಸ್‌ನಂತಹ ತಾಣದಲ್ಲಿ ಹಾಕಿದರೆ ಸಾಕೇ?

ಜೇಡರಬಲೆ:
ಎರಡೂ ಇರಲಿ, ಮನೆ ಮಾತ್ರ ಸ್ವಂತದ್ದಾಗಿರಲಿ. ಬಿಹಾನ್ಸ್ 2005ರಲ್ಲಿ ಶುರುವಾಯಿತು, 2012ರಲ್ಲಿ ಅಡೋಬಿ ಕಂಪನಿ ಅದನ್ನು ಕೊಂಡಿತು. ಇನ್ನೂ ಚೆನ್ನಾಗಿಯೇ ನಡೆಯುತ್ತಿದೆ, ವಿನ್ಯಾಸಕರನ್ನು ಹುಡುಕುವವರು ಅಲ್ಲಿಗೆ ಬರುತ್ತಾರೆ. ಆದರೆ ಮಾಲೀಕರ ಮನಸ್ಸು ಬದಲಾದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. 2009ರಲ್ಲಿ ಯಾಹೂ ಕಂಪನಿ ಜಪಾನ್ ಬಿಟ್ಟು ಉಳಿದೆಡೆ, ಜನ ತಮ್ಮ ಪುಟ ಕಟ್ಟಿಕೊಳ್ಳುತ್ತಿದ್ದ ಜಿಯೋಸಿಟೀಸ್ ತಾಣವನ್ನು ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ಇದ್ದ ಜಾಗದಿಂದ ಮಾಯವಾದವು. ಒಂದು ಕಾಲಕ್ಕೆ ವಿನ್ಯಾಸಕರೆಲ್ಲ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಪೋರ್ಟ್‌ಫೋಲಿಯೊ ಕಟ್ಟುತ್ತಿದ್ದರು, 2020ರ ಕೊನೆಗೆ ಅಡೋಬಿ ಅದನ್ನು ನಿಲ್ಲಿಸಿತು. ನನ್ನ ಮೊದಲ ಪುಟವೂ ಅದರಲ್ಲೇ ಇತ್ತು. ಈಗ ಅದನ್ನು ತೆರೆದು ತೋರಿಸಲಾರೆ.

ಖರ್ಚಿಗೆ ಹೆದರಬೇಡಿ. ಗಿಟ್‌ಹಬ್ ಪೇಜಸ್‌ನಲ್ಲಿ ಸರಳ ಪುಟಗಳನ್ನು ಉಚಿತವಾಗಿ ಇಡಬಹುದು, ಮೇಲೆ ಸ್ವಂತ ಡೊಮೈನ್ ಜೋಡಿಸಬಹುದು. ಡೊಮೈನ್ ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲ್‌ನಲ್ಲೇ ನೋಂದಣಿಯಾಗಿರಲಿ. ಪುಟ ಕಟ್ಟಿಕೊಟ್ಟವರ ಹೆಸರಿನಲ್ಲಿದ್ದು, ಅವರು ಎಲ್ಲೋ ಹೋಗಿ, ನವೀಕರಣ ತಪ್ಪಿ ಹೋದದ್ದನ್ನು ಹಲವು ಬಾರಿ ಕಂಡಿದ್ದೇನೆ.

ಬೆಳಕಿಂಡಿ:
ದರವನ್ನು ಪುಟದಲ್ಲಿ ಹಾಕಬೇಕೇ ಬೇಡವೇ?

ನೇರಮಾತು:
ಕನಿಷ್ಠ ಮೊತ್ತ ಹಾಕುತ್ತೇನೆ. ಅದಕ್ಕಿಂತ ಕೆಳಗಿನವರ ಸಮಯವೂ ಉಳಿಯುತ್ತದೆ, ನನ್ನದೂ.

ಸಣ್ಣಉದ್ಯಮ:
ಹಾಕಿದರೆ ನನಗೆ ಅನುಕೂಲ. ಹಾಕದಿದ್ದರೂ ಪರವಾಗಿಲ್ಲ, ಆದರೆ ‘ಬರೆದ ಎರಡು ದಿನದಲ್ಲಿ ಉತ್ತರ, ಆಮೇಲೆ ಅರ್ಧ ಗಂಟೆ ಮಾತು, ನಂತರ ಕೊಟೇಶನ್’ ಎಂದು ಮುಂದೇನಾಗುತ್ತದೆ ಎಂಬುದನ್ನಾದರೂ ಬರೆಯಿರಿ. ಮೊದಲ ಬಾರಿ ಫ್ರೀಲ್ಯಾನ್ಸರ್‌ಗೆ ಕೆಲಸ ಕೊಡುವವರಿಗೆ ಒಳಗೊಳಗೇ ಅಳುಕಿರುತ್ತದೆ.

ಗೆರೆಬಣ್ಣ:
ಚಿಕಿತ್ಸಾಲಯದ ಕೆಲಸದ ಬರಹವನ್ನು ಬದಲಿಸಿದ್ದೇನೆ. ಮೊದಲು ಇದ್ದದ್ದು ಒಂದೇ ಸಾಲು: ‘ಚಿಕಿತ್ಸಾಲಯದ ಜಾಲತಾಣ. ಸರಳ, ಆಧುನಿಕ, ಬಳಕೆದಾರಸ್ನೇಹಿ ವಿನ್ಯಾಸ.’ ಈಗ ಹೀಗಿದೆ:

‘ವೈದ್ಯರ ಭೇಟಿಗೆ ಸಮಯ ಕಾದಿರಿಸುವ ಫಾರ್ಮ್‌ನಲ್ಲಿ 14 ಕಾಲಂಗಳಿದ್ದವು. ರೋಗಿಗಳು ಅರ್ಧ ತುಂಬಿ ಬಿಟ್ಟು ಫೋನ್ ಮಾಡುತ್ತಿದ್ದರು. ಸ್ವಾಗತದ ಮೇಜಿನಲ್ಲಿದ್ದ ಒಬ್ಬರೇ ಎದುರಿಗೆ ನಿಂತವರನ್ನೂ ಫೋನನ್ನೂ ಸಂಭಾಳಿಸಬೇಕಿತ್ತು. ಎರಡು ದಿನ ಆ ಮೇಜಿನ ಪಕ್ಕ ಕೂತು ಕೇಳಿಸಿಕೊಂಡೆ. ಭೇಟಿಗೆ ಮುಂಚೆ ನಿಜವಾಗಿ ಬೇಕಾದದ್ದು 5 ವಿವರಗಳು ಮಾತ್ರ, ಉಳಿದವನ್ನು ಬಂದ ಮೇಲೆ ಕೇಳಬಹುದಿತ್ತು. ಫಾರ್ಮ್‌ನ ರಚನೆ, ಪರದೆಗಳು, ಅದರ ಮಾತುಗಳು ನನ್ನವು. ಕೋಡ್ ಬರೆದವರು ಬೇರೆಯವರು. ಈಗ ಫೋನ್ ಕರೆಗಳು ಅರ್ಧಕ್ಕೂ ಕಡಿಮೆಯಾಗಿವೆ.’

ನೇರಮಾತು:
ಇದನ್ನು ಓದಿ ಸಂತೋಷವಾಯಿತು. ‘ಎರಡು ದಿನ ಆ ಮೇಜಿನ ಪಕ್ಕ ಕೂತು ಕೇಳಿಸಿಕೊಂಡೆ’ ಎಂಬ ಸಾಲಿಗೆ ನಾನೇ ನಿಮಗೆ ಕೆಲಸ ಕೊಟ್ಟುಬಿಡುತ್ತಿದ್ದೆ. ಆದರೆ ಕೊನೆಯ ಸಾಲು ತೂಗುಯ್ಯಾಲೆಯಲ್ಲಿದೆ. ‘ಅರ್ಧಕ್ಕೂ ಕಡಿಮೆ’ ಎಂದು ಎಣಿಸಿದವರು ಯಾರು?

ಗೆರೆಬಣ್ಣ:
ಸ್ವಾಗತದ ಮೇಜಿನವರೇ. ಹೊಸ ಫಾರ್ಮ್ ಬರುವ ಮುಂಚೆ ಒಂದು ವಾರ, ಬಂದ ಮೇಲೆ ಒಂದು ವಾರ, ಪ್ರತಿ ಕರೆಗೂ ಹಾಳೆಯ ಮೇಲೆ ಒಂದೊಂದು ಗೀಟು ಎಳೆದಿದ್ದರು. ನಾಲ್ಕು ಗೀಟು, ಐದನೆಯದು ಅಡ್ಡ. ಮೊದಲ ವಾರ 131, ಆಮೇಲಿನ ವಾರ 58. ಹಾಳೆಯ ಚಿತ್ರ ನನ್ನ ಮೊಬೈಲಿನಲ್ಲಿದೆ.

ಸಣ್ಣಉದ್ಯಮ:
ಆ ಹಾಳೆಯ ಚಿತ್ರವನ್ನು ಹಾಕಿ! ಎಲ್ಲಕ್ಕಿಂತ ಮೇಲೆ ಹಾಕಿ. ನೆರಳು ಬಿದ್ದ ಕಾರ್ಡುಗಳೆಲ್ಲ ಹೋಗಲಿ, ನನಗೆ ಬೇಕಾದದ್ದು ಆ ಗೀಟುಗಳು.

ನುಡಿದಾಟು:
ಹಾಕುವ ಮುಂಚೆ ಹಾಳೆಯ ಅಂಚುಗಳನ್ನು ದೊಡ್ಡದು ಮಾಡಿ ನೋಡಿ. ಫೋನ್ ಪಕ್ಕದಲ್ಲಿದ್ದ ಹಾಳೆ ಅದು.

ಗೆರೆಬಣ್ಣ:
ನೀವು ಹೇಳಿದ್ದು ಒಳ್ಳೆಯದಾಯಿತು. ಬಲಗಡೆಯ ಅಂಚಿನಲ್ಲಿ ಇಬ್ಬರ ಹೆಸರು, ಒಂದು ಫೋನ್ ಸಂಖ್ಯೆ ಪೆನ್ಸಿಲ್‌ನಲ್ಲಿ ಬರೆದಿತ್ತು. ಗೀಟುಗಳಿರುವ ಭಾಗವನ್ನಷ್ಟೇ ಕತ್ತರಿಸಿ, ಹೊಸ ಕಡತವಾಗಿ ಉಳಿಸಿ, ಸ್ಥಳದ ಮಾಹಿತಿಯನ್ನೂ ಅಳಿಸಿ ಹಾಕಿದ್ದೇನೆ. ಕೊನೆಯ ಸಾಲನ್ನು ‘ಸ್ವಾಗತದ ಮೇಜಿನವರು ಎಣಿಸಿದಂತೆ ವಾರಕ್ಕೆ 131 ಇದ್ದ ಕರೆಗಳು 58ಕ್ಕೆ ಇಳಿದವು’ ಎಂದು ತಿದ್ದಿದೆ.

ಗೆರೆಬಣ್ಣ (ಐದು ವಾರಗಳ ನಂತರ):
ಹೇಳದೆ ಇರಲಾಗಲಿಲ್ಲ. ಈಗ ಪುಟದಲ್ಲಿ 6 ಕೆಲಸಗಳಿವೆ, ಎಲ್ಲವೂ ಫಾರ್ಮ್, ಅರ್ಜಿ, ಪಟ್ಟಿಗಳಂಥವು. ‘ಕಲ್ಪನೆಗಳಿಗೆ ರೂಪ’ ಹೋಯಿತು, ‘ಜನ ತುಂಬಲಾಗದೆ ಬಿಟ್ಟುಹೋಗುವ ಫಾರ್ಮ್‌ಗಳನ್ನು ತುಂಬುವಂತೆ ಮಾಡುತ್ತೇನೆ’ ಎಂದು ಬರೆದಿದ್ದೇನೆ. ಸ್ಪ್ಯಾಮ್‌ನಲ್ಲಿದ್ದ ಇಬ್ಬರಲ್ಲಿ ಒಬ್ಬರು ಉತ್ತರಿಸಲಿಲ್ಲ, ಇನ್ನೊಬ್ಬರು ಆಗಲೇ ಬೇರೆಯವರಿಗೆ ಕೊಟ್ಟಿದ್ದರು. ಹಳೆಯ ಸಂಸ್ಥೆ ಎರಡು ಕೆಲಸಗಳಿಗೆ ಮಾತ್ರ ಒಪ್ಪಿತು.

ನೇರಮಾತು ಅವರು ಹೇಳಿದಂತೆ ಹಿಂದಿನ ಗ್ರಾಹಕರಿಗೆಲ್ಲ ಆ ಒಂದು ಪುಟದ ಕೊಂಡಿಯನ್ನು ಕಳುಹಿಸಿದೆ. ಅವರಲ್ಲೊಬ್ಬರು ಅದನ್ನು ತಮ್ಮ ಪರಿಚಯದ ಗ್ರಂಥಾಲಯಕ್ಕೆ ದಾಟಿಸಿದ್ದಾರೆ. ಅಲ್ಲಿಂದ ಮೊನ್ನೆ ಬಂದ ಪತ್ರದ ಮೊದಲ ಸಾಲು: ‘ನಿಮ್ಮ ಗೀಟುಗಳ ಹಾಳೆ ನೋಡಿದೆವು, ನಮ್ಮ ಮೇಜಿನ ಮೇಲೂ ಅಂಥದ್ದೇ ಒಂದಿದೆ.’ ನಿನ್ನೆ ಮಾತಾಯಿತು, ಕೊಟೇಶನ್ ಒಪ್ಪಿದ್ದಾರೆ.

ನುಡಿದಾಟು ಅವರೇ, ಕರಾರಿನ ಕರಡಿನಲ್ಲಿ ಈ ಬಾರಿ ಮೊದಲೇ ಒಂದು ಸಾಲು ಸೇರಿಸಿದ್ದೇನೆ: ‘ಈ ಕೆಲಸವನ್ನು ವಿನ್ಯಾಸಕಿ ತನ್ನ ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದು.’ ಇಷ್ಟು ಸಾಕೇ?

ನುಡಿದಾಟು:
ತುಂಬ ಸಂತೋಷ. ‘ಹೊಸ ಫಾರ್ಮ್ ಸಾರ್ವಜನಿಕ ಬಳಕೆಗೆ ಬಂದ ನಂತರ, ಓದುಗರ ವೈಯಕ್ತಿಕ ವಿವರಗಳನ್ನು ತೆಗೆದು’ ಎಂದು ಸೇರಿಸಿ. ಅವರೂ ನಿಶ್ಚಿಂತೆಯಿಂದ ಸಹಿ ಹಾಕುತ್ತಾರೆ.

ಸಣ್ಣಉದ್ಯಮ:
ಅವರ ಮೇಜಿನ ಹಾಳೆಯನ್ನು ಈಗಲೇ ಎಣಿಸಿಡಲು ಹೇಳಿ, ಕೆಲಸ ಶುರುವಾಗುವ ಮುಂಚೆಯೇ.